ಫ್ಲ್ಯಾಟ್ ಟ್ವಿಸ್ಟ್: ಬಿಗಿ ಹೆಣಿಗೆಯೇ ಓರಣವಲ್ಲ

ಹಣೆಯಿಂದ ಕತ್ತಿನವರೆಗೆ ತಲೆಗೆ ಅಂಟಿಕೊಂಡಂತೆ ಸಾಲುಸಾಲಾಗಿ ಸಾಗುವ ಕೂದಲಿನ ಹುರಿಗಳು, ಎರಡು ಸಾಲುಗಳ ನಡುವೆ ಗೆರೆ ಎಳೆದಂತಹ ಬೈತಲೆ. ಆಫ್ರಿಕಾ ಮೂಲದ ಜನರ ಕೇಶವಿನ್ಯಾಸಗಳಲ್ಲಿ ‘ಫ್ಲ್ಯಾಟ್ ಟ್ವಿಸ್ಟ್’ ಎಂದು ಹೆಸರಾಗಿರುವುದು ಇದೇ. ಅಮೆರಿಕ, ಬ್ರಿಟನ್, ಕೆರಿಬಿಯನ್ ದ್ವೀಪಗಳು ಹಾಗೂ ಆಫ್ರಿಕಾದ ನಗರಗಳಲ್ಲಿ ಲಕ್ಷಾಂತರ ಮಹಿಳೆಯರು ಇದನ್ನು ಮನೆಯಲ್ಲಿಯೇ ಹಾಕಿಕೊಳ್ಳುತ್ತಾರೆ. ತಾಯಂದಿರು ಮಕ್ಕಳಿಗೆ ಹಾಕುತ್ತಾರೆ.

ನೋಡಲು ಇದು ಸರಳ. ಆದರೆ ಮೊದಲ ಬಾರಿ ಕೈಹಾಕಿದವರಿಗೆ ಬೈತಲೆ ಅಂಕುಡೊಂಕಾಗುತ್ತದೆ, ಹುರಿ ಸಡಿಲಗೊಂಡು ತಲೆಯಿಂದ ಮೇಲೇಳುತ್ತದೆ, ಬುಡದಲ್ಲಿ ಕೂದಲು ಕೆದರಿ ನಿಲ್ಲುತ್ತದೆ. ಆಗ ಬಹುತೇಕರು ಮಾಡುವ ಕೆಲಸ ಒಂದೇ: ಇನ್ನಷ್ಟು ಬಿಗಿಯಾಗಿ ಎಳೆಯುವುದು. ಕಲಿಯುವವರು ಮಾಡುವ ಅತಿ ದೊಡ್ಡ ತಪ್ಪೂ ಇದೇ. ಓರಣ ಬರುವುದು ನೇರ ಬೈತಲೆ, ತಕ್ಕಷ್ಟು ತೇವ, ಸಮ ಪ್ರಮಾಣದ ಎಳೆ ಹಾಗೂ ಒಂದೇ ದಿಕ್ಕಿನ ಹೊಸೆತ ಎಂಬ ನಾಲ್ಕು ಅಂಶಗಳಿಂದ. ಬಿಗಿತದಿಂದ ಬರುವುದು ನೋವು. ಅದು ಮುಂದುವರಿದರೆ ಹಣೆಯಂಚಿನ ಕೂದಲೇ ಶಾಶ್ವತವಾಗಿ ಹೋಗುವ ಅಪಾಯವಿದೆ.

ಏನಿದು ಫ್ಲ್ಯಾಟ್ ಟ್ವಿಸ್ಟ್?

ನಮ್ಮಲ್ಲಿ ರೂಢಿಯಲ್ಲಿರುವ ಜಡೆ ಮೂರು ಎಳೆಗಳದ್ದು. ಆಫ್ರಿಕನ್ ಸಂಪ್ರದಾಯದ ‘ಕಾರ್ನ್‌ರೋ’ ಕೂಡ ಮೂರೆಳೆಯದೇ, ಆದರೆ ಅದು ತಲೆಯ ಚರ್ಮಕ್ಕೆ ಅಂಟಿಕೊಂಡೇ ಸಾಗುತ್ತದೆ. ಫ್ಲ್ಯಾಟ್ ಟ್ವಿಸ್ಟ್ ಇದರ ತಂಗಿಯಿದ್ದಂತೆ. ಇಲ್ಲಿ ಎಳೆಗಳು ಎರಡೇ. ಅವನ್ನು ಹೆಣೆಯುವುದಿಲ್ಲ, ಹಗ್ಗದಂತೆ ಒಂದರ ಮೇಲೊಂದು ಸುತ್ತುತ್ತಾ, ದಾರಿಯುದ್ದಕ್ಕೂ ಸಾಲಿನ ಕೂದಲನ್ನು ಸ್ವಲ್ಪ ಸ್ವಲ್ಪವೇ ಸೇರಿಸಿಕೊಳ್ಳುತ್ತಾ ಹೋಗುತ್ತಾರೆ.

ಎರಡೇ ಎಳೆಗಳಿರುವುದರಿಂದ ಕಾರ್ನ್‌ರೋಗಿಂತ ಬೇಗ ಕಲಿಯಬಹುದು, ಬೇಗ ಬಿಚ್ಚಲೂಬಹುದು. ಬಿಚ್ಚಿದಾಗ ಕೂದಲು ಅಲೆಅಲೆಯಾಗಿ ಇಳಿಯುತ್ತದೆ. ಇದನ್ನು ‘ಟ್ವಿಸ್ಟ್ ಔಟ್’ ಎನ್ನುತ್ತಾರೆ. ಹೀಗಾಗಿ ಒಮ್ಮೆ ಹಾಕಿದ ಫ್ಲ್ಯಾಟ್ ಟ್ವಿಸ್ಟ್ ಎರಡು ವಿನ್ಯಾಸಗಳಾಗಿ ಒದಗುತ್ತದೆ.

ಇಲ್ಲಿ ‘ನ್ಯಾಚುರಲ್ ಹೇರ್’ ಎಂದರೆ ರಾಸಾಯನಿಕಗಳಿಂದ ನೇರಗೊಳಿಸದ, ಹುಟ್ಟಿನಿಂದ ಬಂದ ಗುಂಗುರನ್ನು ಉಳಿಸಿಕೊಂಡ ಕೂದಲು ಎಂದರ್ಥ.

ಗುಂಗುರು ಕೂದಲಿನ ಗುಣ

ಕೂದಲಿನ ಆಕಾರವನ್ನು ನಿರ್ಧರಿಸುವುದು ಚರ್ಮದೊಳಗಿನ ಕೂದಲ ಚೀಲ. ದಟ್ಟ ಗುಂಗುರು ಕೂದಲಿನ ಚೀಲವು ಬಾಗಿರುತ್ತದೆ. ಕೂದಲನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಅದು ದುಂಡಗಿರದೆ ಚಪ್ಪಟೆಯಾಗಿ ಕಾಣುತ್ತದೆ. ಆದ್ದರಿಂದಲೇ ಅದು ಸ್ಪ್ರಿಂಗಿನಂತೆ ಸುರುಳಿಯಾಗಿ ಬೆಳೆಯುತ್ತದೆ.

ಈ ರಚನೆಯ ಪರಿಣಾಮಗಳು ಎರಡು. ಮೊದಲನೆಯದಾಗಿ, ತಲೆಯ ಚರ್ಮದಲ್ಲಿ ಉತ್ಪತ್ತಿಯಾಗುವ ಸಹಜ ಜಿಡ್ಡು ನೇರ ಕೂದಲಿನ ಮೇಲೆ ಸುಲಭವಾಗಿ ಇಳಿಯುತ್ತದೆ, ಆದರೆ ಸುರುಳಿ ಕೂದಲಿನ ತುದಿಯವರೆಗೆ ತಲುಪುವುದಿಲ್ಲ. ಹಾಗಾಗಿ ತುದಿಗಳು ಬೇಗ ಒಣಗುತ್ತವೆ. ಎರಡನೆಯದಾಗಿ, ಪ್ರತಿ ತಿರುವೂ ಒಂದು ದುರ್ಬಲ ಸ್ಥಾನ. ಒಣಗಿದ ಕೂದಲನ್ನು ಒರಟಾಗಿ ಬಾಚಿದರೆ ಅದು ಅಲ್ಲಿಯೇ ತುಂಡಾಗುತ್ತದೆ.

ಹುರಿಗಳು ಸೌಂದರ್ಯಕ್ಕಷ್ಟೇ ಸೀಮಿತವಲ್ಲ ಎನ್ನುವುದು ಇದರಿಂದ ಸ್ಪಷ್ಟ. ತುದಿಗಳನ್ನು ಒಳಗೆ ಸೇರಿಸಿ ತೇವವನ್ನು ಹಿಡಿದಿಡುವ, ಪ್ರತಿದಿನ ಬಾಚುವ ಅಗತ್ಯವನ್ನು ತಪ್ಪಿಸುವ ರಕ್ಷಣಾ ವಿಧಾನವೂ ಇದಾಗಿದೆ.

ಹಳೆಯ ವಿದ್ಯೆ

ನೈಜೀರಿಯಾದ ನೋಕ್ ಸಂಸ್ಕೃತಿಯ, ಎರಡು ಸಾವಿರ ವರ್ಷಗಳಿಗೂ ಹಿಂದಿನ ಸುಟ್ಟ ಮಣ್ಣಿನ ಶಿಲ್ಪಗಳಲ್ಲಿ ಸೂಕ್ಷ್ಮ ಕೇಶವಿನ್ಯಾಸಗಳನ್ನು ಕಾಣಬಹುದು. ತಲೆಗೆ ಅಂಟಿದಂತೆ ಕೂದಲು ಹೆಣೆಯುವ ಕಲೆಗೆ ಯೊರುಬಾ ಭಾಷೆಯಲ್ಲಿ ‘ಇರುನ್ ದಿದಿ’ ಎಂಬ ಹೆಸರಿದೆ. ನೈಜೀರಿಯಾದ ಛಾಯಾಗ್ರಾಹಕ ಜೆ.ಡಿ. ಒಖಾಯ್ ಒಜೈಕೆರೆ (1930–2014) ಅವರು 1968ರಿಂದ ಆರಂಭಿಸಿ ದಶಕಗಳ ಕಾಲ ತಮ್ಮ ದೇಶದ ಮಹಿಳೆಯರ ಕೇಶವಿನ್ಯಾಸಗಳನ್ನು ಕಪ್ಪು-ಬಿಳುಪು ಚಿತ್ರಗಳಲ್ಲಿ ದಾಖಲಿಸಿದರು.

ಗುಲಾಮರ ಹಡಗುಗಳೊಂದಿಗೆ ಈ ವಿದ್ಯೆ ಅಟ್ಲಾಂಟಿಕ್ ಸಾಗರವನ್ನು ದಾಟಿತು. ಅಮೆರಿಕದಲ್ಲಿ ಮೆಕ್ಕೆಜೋಳದ ಹೊಲದ ಸಾಲನ್ನು ನೆನಪಿಸುವ ‘ಕಾರ್ನ್‌ರೋ’ ಎಂಬ ಹೆಸರು ನಿಂತರೆ, ಕಬ್ಬಿನ ತೋಟಗಳಿದ್ದ ಕೆರಿಬಿಯನ್ ದ್ವೀಪಗಳಲ್ಲಿ ‘ಕೇನ್‌ರೋ’ ಎಂಬ ಹೆಸರು ರೂಢಿಗೆ ಬಂದಿತು. 1786ರಲ್ಲಿ ಲೂಸಿಯಾನಾದ ಸ್ಪ್ಯಾನಿಷ್ ಗವರ್ನರ್ ಎಸ್ಟೆಬಾನ್ ಮಿರೊ ಹೊರಡಿಸಿದ ಆದೇಶವು ಆಫ್ರಿಕಾ ಮೂಲದ ಮಹಿಳೆಯರು ತಲೆಗೂದಲನ್ನು ಬಟ್ಟೆಯಿಂದ ಮುಚ್ಚಬೇಕೆಂದು ವಿಧಿಸಿತು. ಆ ಮಹಿಳೆಯರು ಬಟ್ಟೆಯನ್ನೇ ಬಣ್ಣಬಣ್ಣವಾಗಿ, ಅಂದವಾಗಿ ಸುತ್ತಿಕೊಂಡು ಆದೇಶದ ಉದ್ದೇಶವನ್ನು ಸೋಲಿಸಿದರು.

ಇಪ್ಪತ್ತನೆಯ ಶತಮಾನದಲ್ಲಿ ಕಾಯಿಸಿದ ಬಾಚಣಿಗೆ ಹಾಗೂ ‘ರಿಲ್ಯಾಕ್ಸರ್’ ಎಂಬ ರಾಸಾಯನಿಕಗಳಿಂದ ಕೂದಲನ್ನು ನೇರಗೊಳಿಸುವ ಪದ್ಧತಿ ವ್ಯಾಪಕವಾಯಿತು. 1960ರ ದಶಕದ ನಾಗರಿಕ ಹಕ್ಕುಗಳ ಹೋರಾಟದೊಂದಿಗೆ ಸಹಜ ಕೂದಲಿಗೆ ಮತ್ತೆ ಗೌರವ ದೊರೆಯಿತು. 2000ದ ನಂತರ ಅಂತರ್ಜಾಲದ ನೆರವಿನಿಂದ ಎರಡನೆಯ ಅಲೆ ಎದ್ದಿತು. ತಾಯಿಯಿಂದ ಕಲಿಯದೇ ಹೋದವರು ವಿಡಿಯೋಗಳನ್ನು ನೋಡಿ ಕಲಿಯತೊಡಗಿದರು.

ಸಿದ್ಧತೆ

ಅರ್ಧ ಓರಣ ನಿರ್ಧಾರವಾಗುವುದು ಹೊಸೆಯುವ ಮುನ್ನವೇ. ಕೂದಲನ್ನು ಶಾಂಪೂವಿನಿಂದ ತೊಳೆದು ಕಂಡೀಷನರ್ ಹಚ್ಚಬೇಕು. ನಾಲ್ಕು ಭಾಗ ಮಾಡಿ, ಕಂಡೀಷನರ್ ಇರುವಾಗಲೇ ಪ್ರತಿ ಭಾಗದ ಸಿಕ್ಕನ್ನು ಮೊದಲು ಬೆರಳುಗಳಿಂದ, ನಂತರ ಅಗಲ ಹಲ್ಲಿನ ಬಾಚಣಿಗೆಯಿಂದ ಬಿಡಿಸಬೇಕು. ಯಾವಾಗಲೂ ತುದಿಯಿಂದ ಆರಂಭಿಸಿ ಬುಡದ ಕಡೆಗೆ ಬರಬೇಕು. ಬುಡದಿಂದ ಎಳೆದರೆ ಸಿಕ್ಕೆಲ್ಲ ತುದಿಯಲ್ಲಿ ಸೇರಿ ಗಂಟಾಗುತ್ತದೆ.

ಕೂದಲು ನೀರು ತೊಟ್ಟಿಕ್ಕುವಂತಿರಬಾರದು, ಪೂರ್ತಿ ಒಣಗಿಯೂ ಇರಬಾರದು. ಹಸಿಯಾಗಿದ್ದರೆ ಒಣಗಲು ಬಹಳ ಸಮಯ ಹಿಡಿಯುತ್ತದೆ, ಒಣಗಿದ್ದರೆ ಕೆದರುತ್ತದೆ. ಮುಟ್ಟಿದಾಗ ತೇವ ತಿಳಿಯುವಷ್ಟಿದ್ದರೆ ಸಾಕು.

ಮೊದಲು ತೊಳೆಯದೆ ಬಿಡುವ ಕಂಡೀಷನರ್, ಅದರ ಮೇಲೆ ಕೆಲವು ಹನಿ ಎಣ್ಣೆ ಅಥವಾ ಸ್ವಲ್ಪ ಶಿಯಾ ಬೆಣ್ಣೆ, ಕೊನೆಗೆ ಬುಡಕ್ಕೆ ತೆಳುವಾಗಿ ಜೆಲ್ ಹಚ್ಚುವುದು ವಾಡಿಕೆ. ತೇವ ಕೊಡುವುದು ನೀರಿನ ಅಂಶ. ಅದು ಆರದಂತೆ ಕಾಯುವುದು ಎಣ್ಣೆ. ಈ ಕ್ರಮ ತಿರುಗುಮುರುಗಾಗಬಾರದು. ಅಗಸೆ ಬೀಜವನ್ನು ನೀರಿನಲ್ಲಿ ಕುದಿಸಿ ಸೋಸಿದರೆ ದೊರೆಯುವ ಲೋಳೆಯನ್ನು ಅನೇಕರು ಜೆಲ್ ಆಗಿ ಬಳಸುತ್ತಾರೆ. ಹೊಸ ಜೆಲ್ ಮತ್ತು ಕ್ರೀಮ್ ಬಳಸುವಾಗ ಮೊದಲು ಅಂಗೈಯಲ್ಲಿ ಬೆರೆಸಿ ನೋಡಬೇಕು. ಮೊಸರಿನಂತೆ ಒಡೆದರೆ ಅವು ಕೂದಲಿನಲ್ಲಿಯೂ ಬಿಳಿ ಪುಡಿಯಾಗಿ ಉದುರುತ್ತವೆ.

ಬೈತಲೆ ತೆಗೆಯುವುದು

ಇದಕ್ಕೆ ಚೂಪು ಹಿಡಿಯ ಬಾಚಣಿಗೆ ಬೇಕು. ಕಲಿಯುವವರು ಆರರಿಂದ ಎಂಟು ಸಾಲುಗಳಿಗೆ ಸೀಮಿತಗೊಳ್ಳುವುದು ಒಳ್ಳೆಯದು. ಸಾಲು ತೀರಾ ಅಗಲವಾದರೆ ಹುರಿ ಸಡಿಲವಾಗುತ್ತದೆ, ತೀರಾ ಕಿರಿದಾದರೆ ಬುಡದ ಮೇಲೆ ಭಾರ ಹೆಚ್ಚುತ್ತದೆ.

ಮೊದಲು ಹಣೆಯ ನಡುವಿನಿಂದ ಕತ್ತಿನವರೆಗೆ ಒಂದು ಗೆರೆ ತೆಗೆಯಬೇಕು. ಉಳಿದ ಗೆರೆಗಳಿಗೆ ಅದೇ ಅಳತೆಗೋಲು. ಬಾಚಣಿಗೆಯ ತುದಿಯನ್ನು ಚರ್ಮದಿಂದ ಎತ್ತದೆ ಒಂದೇ ಎಳೆತದಲ್ಲಿ ಸಾಗಿಸಿದರೆ ಗೆರೆ ನೇರವಾಗುತ್ತದೆ. ನಡುನಡುವೆ ನಿಲ್ಲಿಸಿದಲ್ಲೆಲ್ಲ ಅದು ಮುರಿಯುತ್ತದೆ. ಬೇರ್ಪಡಿಸಿದ ಕೂದಲನ್ನು ಎರಡೂ ಬದಿಗೆ ನಯವಾಗಿ ಬಾಚಿ, ಸದ್ಯಕ್ಕೆ ಬೇಡದ್ದನ್ನು ಕ್ಲಿಪ್‌ನಿಂದ ಬಂಧಿಸಬೇಕು. ಪಕ್ಕದ ಸಾಲಿನ ಒಂದೆರಡು ಕೂದಲು ತಪ್ಪಿ ಬಂದರೂ ಬೈತಲೆಯ ಗೆರೆ ಮಸುಕಾಗುತ್ತದೆ.

ಹಿಂಭಾಗವನ್ನು ನೋಡಲು ಎರಡು ಕನ್ನಡಿಗಳನ್ನು ಎದುರುಬದುರಾಗಿ ಇಟ್ಟುಕೊಳ್ಳಬಹುದು. ಆದರೆ ಕನ್ನಡಿಯ ಬಿಂಬ ಕೈಯನ್ನು ಗಲಿಬಿಲಿಗೊಳಿಸುತ್ತದೆ. ಕೆಲವು ಸಲದ ಅಭ್ಯಾಸದ ನಂತರ ಹೆಚ್ಚಿನವರು ಬೆರಳ ಸ್ಪರ್ಶವನ್ನೇ ನಂಬುತ್ತಾರೆ.

ಹೊಸೆಯುವ ಕ್ರಮ

1. ಹಣೆಯಂಚಿನಲ್ಲಿ ಸಾಲಿನ ಆರಂಭದಿಂದ ಸ್ವಲ್ಪ ಕೂದಲನ್ನು ತೆಗೆದುಕೊಳ್ಳಿ. ಅಂಚಿನ ನವಿರಾದ ಪುಟ್ಟ ಕೂದಲನ್ನು ಹೊರಗೇ ಬಿಡಿ.

2. ಅದನ್ನು ಎರಡು ಸಮ ಎಳೆಗಳಾಗಿ ವಿಭಾಗಿಸಿ. ಒಂದು ದಪ್ಪ, ಇನ್ನೊಂದು ತೆಳುವಾದರೆ ಹುರಿ ಒಂದೇ ಕಡೆಗೆ ವಾಲುತ್ತದೆ.

3. ಮೇಲ್ಬದಿಯ ಎಳೆಯನ್ನು ಕೆಳಬದಿಯ ಎಳೆಯ ಮೇಲೆ ಹಾಯಿಸಿ. ಒಂದೆರಡು ಬಾರಿ ಹೀಗೆ ಮಾಡಿದಾಗ ಆರಂಭ ಭದ್ರವಾಗುತ್ತದೆ.

4. ಈಗ ಕೆಳಬದಿಗೆ ಬಂದಿರುವ ಎಳೆಗೆ, ಅದರ ಮುಂದೆ ಸಾಲಿನಲ್ಲಿರುವ ಕೂದಲಿನಿಂದ ತುಸುವನ್ನು ಸೇರಿಸಿ. ಮತ್ತೆ ಮೇಲಿನದನ್ನು ಕೆಳಗಿನದರ ಮೇಲೆ ಹಾಯಿಸಿ. ಪ್ರತಿ ಸಲವೂ ಇದೇ ಕ್ರಮ, ಇದೇ ದಿಕ್ಕು.

5. ಪ್ರತಿ ಬಾರಿ ಸೇರಿಸುವ ಕೂದಲಿನ ಪ್ರಮಾಣ ಒಂದೇ ಆಗಿರಲಿ. ಸಾಲಿನ ಎರಡೂ ಗೆರೆಗಳವರೆಗೆ ಬೆರಳು ಚಾಚಿ ಕೂದಲನ್ನು ಸಂಗ್ರಹಿಸಿದರೆ ಬುಡದಲ್ಲಿ ಏನೂ ಉಳಿಯುವುದಿಲ್ಲ.

6. ಕತ್ತಿನ ಬಳಿ ಸಾಲು ಮುಗಿದ ಮೇಲೆ ಉಳಿದ ಉದ್ದವನ್ನು ಎರಡೆಳೆಯ ಹಗ್ಗದಂತೆ ತುದಿಯವರೆಗೆ ಹೊಸೆಯಿರಿ. ತುದಿಯನ್ನು ಬೆರಳಿಗೆ ಸುತ್ತಿ ಬಿಡಿ. ದಟ್ಟ ಗುಂಗುರು ಕೂದಲು ತಾನಾಗಿಯೇ ಹಿಡಿದು ನಿಲ್ಲುತ್ತದೆ. ಸಡಿಲ ಗುಂಗುರಿಗೆ ಪುಟ್ಟ ರಬ್ಬರ್ ಬ್ಯಾಂಡ್ ಬೇಕಾಗಬಹುದು.

ಹುರಿ ಬಿಚ್ಚಿಕೊಳ್ಳದಿರಲು ಹಗ್ಗ ಮಾಡುವವರ ಸೂತ್ರವೇ ಇಲ್ಲಿಯೂ ಅನ್ವಯಿಸುತ್ತದೆ. ಪ್ರತಿ ಎಳೆಯನ್ನು ಬೆರಳುಗಳ ನಡುವೆ ಒಂದು ದಿಕ್ಕಿಗೆ ಹೊಸೆದು, ಎರಡೂ ಎಳೆಗಳನ್ನು ಪರಸ್ಪರ ವಿರುದ್ಧ ದಿಕ್ಕಿಗೆ ಸುತ್ತಬೇಕು. ಎಳೆ ಬಿಚ್ಚಿಕೊಳ್ಳಲು ಯತ್ನಿಸಿದಷ್ಟೂ ಸುತ್ತು ಬಿಗಿಗೊಳ್ಳುತ್ತದೆ. ಎರಡನ್ನೂ ಒಂದೇ ದಿಕ್ಕಿಗೆ ತಿರುಗಿಸಿದರೆ ಎಷ್ಟು ಬಿಗಿಯಾಗಿ ಎಳೆದರೂ ಹುರಿ ನಿಲ್ಲುವುದಿಲ್ಲ. ಬಲದ ಕೊರತೆಯೆಂದು ತೋರುವುದು ಎಷ್ಟೋ ಸಲ ದಿಕ್ಕಿನ ದೋಷವಾಗಿರುತ್ತದೆ.

ತಪ್ಪುವುದೆಲ್ಲಿ?

ಹುರಿ ತಲೆಯಿಂದ ಮೇಲೆದ್ದು ಸೇತುವೆಯಂತೆ ಕಾಣುತ್ತಿದ್ದರೆ ಕೈಗಳು ಮೇಲಕ್ಕೆ ಎಳೆಯುತ್ತಿವೆ ಎಂದರ್ಥ. ಬೆರಳುಗಳು ಚರ್ಮವನ್ನು ತಾಗಿಕೊಂಡೇ ಚಲಿಸಬೇಕು, ಎಳೆತ ಸಾಲಿನ ದಿಕ್ಕಿನಲ್ಲಿಯೇ ಇರಬೇಕು.

ಮಧ್ಯದಲ್ಲಿ ಹುರಿ ಥಟ್ಟನೆ ದಪ್ಪವಾದರೆ ಅಲ್ಲಿ ಒಮ್ಮೆಗೇ ಹೆಚ್ಚು ಕೂದಲು ಸೇರಿದೆ. ಬುಡ ಕೆದರಿದ್ದರೆ ತೇವ ಆರಿದೆ. ಕೆಲಸದ ನಡುವೆ ನೀರು ಸಿಂಪಡಿಸುವ ಬಾಟಲಿ ಪಕ್ಕದಲ್ಲಿರಲಿ. ಒಂದು ಸಾಲು ಕೆಟ್ಟರೆ ಎಳೆದು ಸರಿಪಡಿಸುವುದಕ್ಕಿಂತ ತಪ್ಪಿದ ಸ್ಥಳದವರೆಗೆ ಬಿಚ್ಚಿ ಮತ್ತೆ ಹೊಸೆಯುವುದು ಲೇಸು.

ಒಣಗಿಸುವುದು, ಬಿಚ್ಚುವುದು

ನೀರು ತಾಗಿದಾಗ ಕೂದಲಿನೊಳಗಿನ ಹೈಡ್ರೋಜನ್ ಬಂಧಗಳು ಕಳಚಿಕೊಳ್ಳುತ್ತವೆ, ಒಣಗಿದಾಗ ಆ ಕ್ಷಣದ ಆಕಾರದಲ್ಲಿಯೇ ಮತ್ತೆ ಬೆಸೆದುಕೊಳ್ಳುತ್ತವೆ. ಆದ್ದರಿಂದ ಪೂರ್ತಿ ಒಣಗುವ ಮುನ್ನ ಬಿಚ್ಚಿದರೆ ಅಲೆಗಳು ನಿಲ್ಲುವುದಿಲ್ಲ. ದಟ್ಟ ಕೂದಲು ಒಣಗಲು ಇಡೀ ರಾತ್ರಿ ಬೇಕಾಗಬಹುದು.

ಮಲಗುವಾಗ ಸ್ಯಾಟಿನ್ ಅಥವಾ ರೇಷ್ಮೆಯ ವಸ್ತ್ರವನ್ನು ತಲೆಗೆ ಕಟ್ಟಿಕೊಳ್ಳುತ್ತಾರೆ. ಹತ್ತಿಯ ದಿಂಬು ತೇವವನ್ನು ಹೀರುತ್ತದೆ, ಉಜ್ಜಾಟದಿಂದ ಹುರಿಯನ್ನು ಕೆದರುತ್ತದೆ.

ಸಾಮಾನ್ಯವಾಗಿ ಒಂದೆರಡು ವಾರ ಇಟ್ಟುಕೊಂಡು ಬಿಚ್ಚುವುದು ಸೂಕ್ತ. ಬೆರಳಿಗೆ ಎಣ್ಣೆ ಸವರಿಕೊಂಡು, ತುದಿಯಿಂದ ಆರಂಭಿಸಿ, ಹೊಸೆದ ದಿಕ್ಕಿಗೆ ವಿರುದ್ಧವಾಗಿ ಬಿಚ್ಚಬೇಕು. ಆಗ ಕೈಗೆ ಬರುವ ಕೂದಲನ್ನು ಕಂಡು ಗಾಬರಿಯಾಗಬೇಕಿಲ್ಲ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಹುರಿಯೊಳಗೆ ಸಿಕ್ಕಿಕೊಂಡಿದ್ದ ಅಷ್ಟೂ ದಿನಗಳ ಕೂದಲು ಒಮ್ಮೆಗೇ ಹೊರಬರುತ್ತದೆ, ಅಷ್ಟೇ.

ಬಿಗಿತಕ್ಕೆ ತೆರುವ ಬೆಲೆ

ಬುಡದ ಮೇಲೆ ಸತತ ಸೆಳೆತ ಬಿದ್ದಾಗ ಉಂಟಾಗುವ ಕೂದಲುದುರುವಿಕೆಯನ್ನು ವೈದ್ಯರು ‘ಟ್ರ್ಯಾಕ್ಷನ್ ಅಲೋಪೀಸಿಯಾ’ ಎನ್ನುತ್ತಾರೆ. ಮೊದಲು ಸವೆಯುವುದು ಹಣೆಯಂಚು ಹಾಗೂ ಕಿವಿಯ ಮುಂಭಾಗದ ಕೂದಲು. ಆರಂಭದಲ್ಲಿಯೇ ಬಿಗಿ ವಿನ್ಯಾಸವನ್ನು ನಿಲ್ಲಿಸಿದರೆ ಕೂದಲು ಮತ್ತೆ ಬೆಳೆಯುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಕೂದಲ ಚೀಲ ಕಲೆಗಟ್ಟಿ ಮುಚ್ಚಿಹೋಗುತ್ತದೆ. ಆಗ ಔಷಧಿಯಿಂದಲೂ ಅದನ್ನು ಮರಳಿಸಲಾಗದು.

ಇದು ಒಂದು ಜನಾಂಗಕ್ಕೆ ಸೀಮಿತವಾದ ತೊಂದರೆಯಲ್ಲ. ದಿನವೂ ಬಿಗಿಯಾಗಿ ಜಡೆ ಹೆಣೆಯುವವರಲ್ಲಿ, ಪೋನಿಟೇಲ್ ಕಟ್ಟುವವರಲ್ಲಿ, ಬಿಗಿಯಾಗಿ ತುರುಬು ಕಟ್ಟುವ ಸಿಖ್ ಪುರುಷರಲ್ಲಿಯೂ ಇದು ಕಂಡುಬರುತ್ತದೆ.

ಹುರಿ ಹಾಕಿದ ಮೇಲೆ ತಲೆನೋವು, ಹುಬ್ಬು ಮೇಲಕ್ಕೆ ಎಳೆದಂತಹ ಅನುಭವ, ಬುಡದಲ್ಲಿ ಸಣ್ಣ ಗುಳ್ಳೆಗಳು ಕಾಣಿಸಿದರೆ ಅದೇ ದಿನ ಬಿಚ್ಚಿಬಿಡಬೇಕು. ‘ಎರಡು ದಿನದಲ್ಲಿ ಸರಿಹೋಗುತ್ತದೆ’ ಎಂಬ ಸಮಾಧಾನ ತರವಲ್ಲ. ಮಕ್ಕಳ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚಾಗಿರಬೇಕು.

ಹಾಗೆಂದು ರಾಸಾಯನಿಕದಿಂದ ನೇರಗೊಳಿಸುವುದು ಸುರಕ್ಷಿತ ಪರ್ಯಾಯವೆಂದು ಭಾವಿಸುವಂತಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 33,497 ಮಹಿಳೆಯರ ಮಾಹಿತಿ ಆಧರಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನವು, ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಬಾರಿ ಅಂತಹ ಉತ್ಪನ್ನ ಬಳಸಿದವರಲ್ಲಿ ಗರ್ಭಕೋಶದ ಕ್ಯಾನ್ಸರ್‌ನ ಸಾಧ್ಯತೆ ಬಳಸದವರಿಗಿಂತ ಎರಡು ಪಟ್ಟಿಗೂ ಹೆಚ್ಚಿತ್ತು ಎಂದು ತಿಳಿಸಿತು. ಇದು ಸಂಬಂಧವನ್ನು ತೋರಿಸುವ ಅಧ್ಯಯನವೇ ಹೊರತು ಕಾರಣವನ್ನು ಸಾಬೀತುಪಡಿಸಿದ್ದಲ್ಲ.

ಓರಣ ಯಾವುದೆಂದು ನಿರ್ಧರಿಸುವವರು ಯಾರು?

ಇಷ್ಟೆಲ್ಲ ಶ್ರಮದಿಂದ ಹಾಕಿದ ವಿನ್ಯಾಸವನ್ನೂ ‘ಅಶಿಸ್ತು’ ಎಂದು ಕರೆದ ಉದಾಹರಣೆಗಳಿವೆ. 1981ರಲ್ಲಿ ರೆನೀ ರೋಜರ್ಸ್ ಎಂಬ ಉದ್ಯೋಗಿ ಅಮೆರಿಕನ್ ಏರ್‌ಲೈನ್ಸ್ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ, ಹೆಣಿಗೆಯ ವಿನ್ಯಾಸವು ಬದಲಾಯಿಸಬಹುದಾದ ಸಂಗತಿಯಾದ್ದರಿಂದ ಅದನ್ನು ನಿಷೇಧಿಸುವುದು ಜನಾಂಗೀಯ ತಾರತಮ್ಯವಲ್ಲ ಎಂದು ನ್ಯಾಯಾಲಯ ಹೇಳಿತು.

2014ರಲ್ಲಿ ಅಮೆರಿಕದ ಸೇನೆ ಹೊರಡಿಸಿದ ನಿಯಮವು ಟ್ವಿಸ್ಟ್‌ಗಳನ್ನು ನಿಷೇಧಿಸಿತು. ಕಪ್ಪು ಮಹಿಳಾ ಯೋಧರ ತೀವ್ರ ವಿರೋಧದ ನಂತರ ಅದೇ ವರ್ಷ ನಿಷೇಧವನ್ನು ಸಡಿಲಿಸಿ, ಆ ಕೇಶವಿನ್ಯಾಸಗಳನ್ನು ‘ಕೊಳಕು’ ಎಂಬಂತೆ ಬಣ್ಣಿಸಿದ್ದ ಪದಗಳನ್ನು ನಿಯಮದಿಂದ ತೆಗೆದುಹಾಕಲಾಯಿತು. 2016ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಶಾಲಾ ಬಾಲಕಿಯರು ತಮ್ಮ ಸಹಜ ಕೂದಲಿಗೆ ಹೇರಿದ್ದ ನಿರ್ಬಂಧಗಳ ವಿರುದ್ಧ ಪ್ರತಿಭಟಿಸಿದ್ದು ಜಗತ್ತಿನ ಗಮನ ಸೆಳೆಯಿತು.

2019ರಲ್ಲಿ ಕ್ಯಾಲಿಫೋರ್ನಿಯಾ ‘ಕ್ರೌನ್ ಕಾಯ್ದೆ’ಯನ್ನು ಅಂಗೀಕರಿಸಿ, ಜನಾಂಗಕ್ಕೆ ಸಹಜವಾದ ಕೂದಲು ಮತ್ತು ಅದರ ವಿನ್ಯಾಸಗಳ ಆಧಾರದಲ್ಲಿ ಉದ್ಯೋಗ ಹಾಗೂ ಶಾಲೆಗಳಲ್ಲಿ ತಾರತಮ್ಯ ಮಾಡುವುದನ್ನು ನಿಷೇಧಿಸಿದ ಮೊದಲ ರಾಜ್ಯವಾಯಿತು. ನಂತರ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಅದನ್ನು ಅನುಸರಿಸಿದವು. 2022ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಮಸೂದೆಯು ಜನಪ್ರತಿನಿಧಿಗಳ ಸಭೆಯಲ್ಲಿ ಅಂಗೀಕಾರಗೊಂಡರೂ ಸೆನೆಟ್‌ನಲ್ಲಿ ಮುಂದೆ ಸಾಗಲಿಲ್ಲ.

ನಮ್ಮ ರಾಜ್ಯದಲ್ಲಿ

ಈ ಬಗೆಯ ಕೂದಲು ಕರ್ನಾಟಕಕ್ಕೆ ಪರಕೀಯವಲ್ಲ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಮುಂತಾದ ತಾಲ್ಲೂಕುಗಳಲ್ಲಿ ಶತಮಾನಗಳಿಂದ ನೆಲೆಸಿರುವ ಸಿದ್ದಿ ಸಮುದಾಯದ ಪೂರ್ವಜರು ಪೂರ್ವ ಆಫ್ರಿಕಾದಿಂದ ಬಂದವರು. ಪೋರ್ಚುಗೀಸರ ಆಳ್ವಿಕೆಯ ಗೋವಾದಲ್ಲಿ ಗುಲಾಮರಾಗಿದ್ದ ಹಲವರು ತಪ್ಪಿಸಿಕೊಂಡು ಪಶ್ಚಿಮ ಘಟ್ಟದ ಕಾಡುಗಳನ್ನು ಸೇರಿದರು. ಕನ್ನಡ, ಕೊಂಕಣಿ ಮಾತನಾಡುವ ಈ ಸಮುದಾಯಕ್ಕೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ದೊರೆಯಿತು. 2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು.

ನಮ್ಮ ಶಾಲೆಗಳಲ್ಲಿ ಹೆಣ್ಣುಮಕ್ಕಳ ‘ಓರಣ’ಕ್ಕೆ ಎರಡು ಜಡೆ ಮತ್ತು ರಿಬ್ಬನ್ ಎಂಬ ಅಳತೆಗೋಲು ರೂಢಿಯಲ್ಲಿದೆ. ಉದ್ದಕ್ಕೆ ಇಳಿಯದೆ ಸುರುಳಿಯಾಗಿ ನಿಲ್ಲುವ ಕೂದಲಿಗೆ ಈ ಅಳತೆಗೋಲು ಹೊಂದುವುದಿಲ್ಲ. ಹೊಂದಿಸಲು ಬಿಗಿಯಾಗಿ ಎಳೆದರೆ ಪೆಟ್ಟು ಬೀಳುವುದು ಮಗುವಿನ ಹಣೆಯಂಚಿಗೆ. ಅಂತಹ ಕೂದಲಿಗೆ ಅದರದೇ ಆದ ಓರಣವಿದೆ, ಅದನ್ನು ಕಲಿಯಲು ಸಾಧ್ಯವಿದೆ ಎಂಬ ತಿಳಿವಳಿಕೆ ಪೋಷಕರಿಗೂ ಶಿಕ್ಷಕರಿಗೂ ಉಪಯುಕ್ತ.

ನೆನಪಿನಲ್ಲಿಡಬೇಕಾದ ಅಂಶಗಳು

* ಮೊದಲ ಪ್ರಯತ್ನಕ್ಕೆ ರಜಾ ದಿನವನ್ನು ಆರಿಸಿಕೊಳ್ಳಿ. ಆತುರದಲ್ಲಿ ಕೈ ತಾನಾಗಿ ಬಿಗಿಯಾಗುತ್ತದೆ.

* ತುದಿಯಿಂದ ಬುಡಕ್ಕೆ ಸಿಕ್ಕು ಬಿಡಿಸಿ. ಒಣ ಕೂದಲನ್ನು ಬಾಚಬೇಡಿ.

* ಸಮ ಎಳೆ, ಸಮ ಪ್ರಮಾಣ, ಒಂದೇ ದಿಕ್ಕು. ಬೆರಳು ಚರ್ಮಕ್ಕೆ ತಾಗಿಕೊಂಡೇ ಇರಲಿ.

* ಪೂರ್ತಿ ಒಣಗಿದ ಮೇಲಷ್ಟೇ ಬಿಚ್ಚಿ.

* ಪ್ರತಿ ಬಾರಿ ಅದೇ ಜಾಗದಲ್ಲಿ ಬೈತಲೆ ತೆಗೆಯಬೇಡಿ. ಎರಡು ವಿನ್ಯಾಸಗಳ ನಡುವೆ ಕೆಲವು ದಿನ ಕೂದಲನ್ನು ಸಡಿಲವಾಗಿ ಬಿಡಿ.

* ನೋವಾದರೆ ಅದು ಓರಣವಲ್ಲ. ಬಿಚ್ಚಿ, ಮತ್ತೊಮ್ಮೆ ಸಡಿಲವಾಗಿ ಹೊಸೆಯಿರಿ. ಹಣೆಯಂಚಿನ ಕೂದಲು ತೆಳುವಾಗುತ್ತಿದ್ದರೆ ಚರ್ಮರೋಗ ತಜ್ಞರನ್ನು ಕಾಣಲು ತಡಮಾಡಬೇಡಿ.